ಸೆಂಡಾಫ್ ದಿನ ಗುಡ್ಡದ ಮೇಲೆ

ಹತ್ತನೆಯ ತರಗತಿಯ ಸೆಂಡಾಫ್ ದಿನ ಬೆಳಿಗ್ಗೆ ಎದ್ದಾಗಿನಿಂದಲೇ ನನಗೆ ಹೆದರಿಕೆ. ಹೆದರಿಕೆಗೆ ಕಾರಣ ಸೀರೆ. ಹುಡುಗಿಯರೆಲ್ಲ ಸೀರೆ ಉಟ್ಟು ಬರಬೇಕೆಂದು ನಾವು ನಾವೇ ಮಾತಾಡಿಕೊಂಡಿದ್ದೆವು. ನನಗೆ ಸಿಕ್ಕಿದ್ದು ಅವ್ವನ ಮದುವೆ ಕಾಲದ ನೈಲಾನ್ ಸೀರೆ. ಎಷ್ಟು ಪಿನ್ ಚುಚ್ಚಿದರೂ ಹೆಗಲ ಮೇಲೆ ನಿಲ್ಲುತ್ತಿರಲಿಲ್ಲ. ನಮ್ಮ ಅಪ್ಪನ ಸ್ಟೇಶನರಿ ಅಂಗಡಿ ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಎದುರಿಗಿತ್ತು, ಶಾಲೆಗೆ ಹೋಗುವ ದಾರಿಯೂ ಅದೇ. ಅಷ್ಟು ಜನರ ನಡುವೆ ಸೀರೆ ಬಿಚ್ಚಿಕೊಂಡು ಬಿದ್ದರೆ ಏನು ಗತಿ ಎಂದು ಒಂದು ಕೈಯಲ್ಲಿ ನೆರಿಗೆ, ಇನ್ನೊಂದು ಕೈಯಲ್ಲಿ ಸೆರಗು ಹಿಡಿದುಕೊಂಡು, ಯಾರ ಮುಖವನ್ನೂ ನೋಡದೆ ನಡೆದಿದ್ದೆ.

ನೇಕಾರರ ಓಣಿಯ ತಿರುವಿನಲ್ಲಿ ನನ್ನ ಗೆಳತಿ ಕಾಯುತ್ತ ನಿಂತಿದ್ದಳು. ಎಂಟನೆಯ ತರಗತಿಯಿಂದ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತವರು. ಅವಳದು ಕೈಮಗ್ಗದ ಸೀರೆ, ಅವಳ ಅವ್ವನೇ ನೇಯ್ದದ್ದು. ಒಣಮೆಣಸಿನಕಾಯಿಯ ಕೆಂಪು ಬಣ್ಣ, ಅಂಗೈ ಅಗಲದ ಅಂಚು, ಹೊದಿಕೆಯಷ್ಟು ದಪ್ಪ. ಉಟ್ಟರೆ ಉಟ್ಟಲ್ಲೇ ನಿಲ್ಲುವಂಥದ್ದು.

"ನಿನ್ನ ಸೀರಿ ನಿನ್ನ ಮ್ಯಾಲೆ ಇರಾಕ ಒಲ್ಲೆ ಅಂತೈತಲೇ" ಎಂದು ನಕ್ಕು ತನ್ನ ಸೆರಗಿನ ಪಿನ್ನೊಂದನ್ನು ತೆಗೆದು ನನಗೆ ಚುಚ್ಚಿದಳು.

ನನ್ನ ಜೊತೆ ಅಷ್ಟು ಮಾತಾಡುವವಳು ಬೇರೆಯವರೆದುರು ಬಾಯಿಯೇ ಬಿಡುತ್ತಿರಲಿಲ್ಲ. ಪಾಠದಲ್ಲಿ ಉತ್ತರ ಹೇಳಲು ಎದ್ದು ನಿಂತರೆ ಅವಳ ದನಿ ಎರಡನೆಯ ಬೆಂಚಿಗೂ ಕೇಳುತ್ತಿರಲಿಲ್ಲ. ಹುಡುಗರ ಸಾಲಿನ ಮುಂದೆ ಹಾಯಬೇಕಾಗುತ್ತದೆಂದು ನೀರು ಕುಡಿಯಲಿಕ್ಕೂ ಶಾಲೆಯ ಹಿಂದಿನಿಂದ ಸುತ್ತು ಹಾಕಿ ಹೋಗುತ್ತಿದ್ದಳು. ಅವಳ ಈ ಸ್ವಭಾವ ತಿಳಿದಿದ್ದರೆ ಮಾತ್ರ ಆ ದಿನ ಅವಳು ಮಾಡಿದ್ದು ಏನೆಂಬುದು ತಿಳಿಯುತ್ತದೆ.

ಕಾರ್ಯಕ್ರಮ ಎಲ್ಲ ಶಾಲೆಗಳಲ್ಲಿ ಆಗುವ ಹಾಗೆಯೇ ಆಯಿತು. ಶಾಲೆಗೊಂದು ಗೋಡೆ ಗಡಿಯಾರ ಕೊಟ್ಟೆವು. ಒಬ್ಬೊಬ್ಬರೇ ಎದ್ದು ಅನಿಸಿಕೆ ಹೇಳಲು ಹೋಗಿ ಅರ್ಧಕ್ಕೇ ಅತ್ತು ಕೂತರು. ಶಿರಾ, ಉಪ್ಪಿಟ್ಟು, ಮಿರ್ಚಿ ತಿಂದೆವು. ಆ ವರ್ಷವೇ ನಿವೃತ್ತಿಯಾಗಲಿದ್ದ ನಮ್ಮ ಹಿಂದಿ ಟೀಚರಿಗೆ ಶಾಲು ಹೊದಿಸಿ ಮಲ್ಲಿಗೆಯ ಹಾರ ಹಾಕಿದೆವು. ದಪ್ಪ ಮೈಯ ಹೆಂಗಸು, ಮೊಣಕಾಲು ನೋವು, ಸಿಟ್ಟು ಬಂದರೆ ಹಿಂದಿ ಮರೆತು ಅಪ್ಪಟ ನಮ್ಮೂರ ಕನ್ನಡಕ್ಕೆ ಇಳಿಯುತ್ತಿದ್ದರು. ಅವರ ಈ ಚಾಳಿಯನ್ನು ನಮ್ಮ ತರಗತಿಯ ಒಬ್ಬ ಹುಡುಗ ಚಾಚೂ ತಪ್ಪದೆ ನಕಲಿ ಮಾಡುತ್ತಿದ್ದ. ಹತ್ತಿರದ ಹಳ್ಳಿಯವನು. ಅಪ್ಪ ಅವ್ವ ಮಂಗಳೂರಿಗೆ ಕಟ್ಟಡದ ಕೆಲಸಕ್ಕೆ ದುಡಿಯಲು ಹೋಗಿದ್ದರು, ಇವನು ಅಜ್ಜಿಯ ಹತ್ತಿರ ಇದ್ದು ಓದುತ್ತಿದ್ದ. ಅಂದು ವೇದಿಕೆಯ ಮೇಲೆ ಟೀಚರ ಎದುರಿಗೇ ನಿಂತು, ಸೊಂಟಕ್ಕೆ ಕೈಕೊಟ್ಟು, "ಬೈಠ್ ಜಾವ್! ಬೈಠ್ ಜಾವ್ ಅಂದ್ರ ಕುಂದರಂಗಿಲ್ಲೇನ, ಕಿವ್ಯಾಗ ಹತ್ತಿ ಇಟಗೊಂಡೀರೇನ?" ಎಂದ. ಟೀಚರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಕೊನೆಗೆ ಹೆಡ್‌ಮಾಸ್ತರು ಎದ್ದು ನಿಂತು, "ನೋಡ್ರಿ ಮಕ್ಕಳ, ಸೀದಾ ಮನಿಗೆ ಹೋಗ್ರಿ. ಗುಡ್ಡ, ಹೊಂಡ ಅಂತ ಎಲ್ಲೂ ತಿರಗಬ್ಯಾಡ್ರಿ. ನಾಳೆ ಬಂದು ಹಾಲ್ ಟಿಕೆಟ್ ಒಯ್ರಿ" ಎಂದರು.

ಆದರೆ ಕಾಳಿನ ದಲ್ಲಾಳಿ ಅಂಗಡಿಯವರ ಮಗ ಅಂದು ಅಣ್ಣನ ಫೋನು ತಂದಿದ್ದ. ಆಗ ಕ್ಯಾಮೆರಾ ಫೋನು ನಮ್ಮ ತರಗತಿಯಲ್ಲಿ ಬೇರೆ ಯಾರ ಕೈಯಲ್ಲೂ ಇರಲಿಲ್ಲ. ಕೋಟೆಯ ಬಾಗಿಲ ಮುಂದೆ ಎಲ್ಲರೂ ಕೂಡಿ ಒಂದು ಫೋಟೊ ತೆಗೆಸಿಕೊಳ್ಳೋಣ, ಇನ್ನು ಇವರೆಲ್ಲ ಒಟ್ಟಿಗೆ ಎಲ್ಲಿ ಸಿಗುತ್ತಾರೆ ಎಂದ. ಅಷ್ಟು ಸಾಕಾಯಿತು. ಅರ್ಧ ತರಗತಿ ಗುಡ್ಡದ ದಾರಿ ಹಿಡಿಯಿತು.

ಮೆಟ್ಟಿಲು ಹತ್ತುವಾಗ ನಾನು ಮತ್ತೆ ಮತ್ತೆ ಊರ ಕಡೆ ತಿರುಗಿ ನೋಡುತ್ತಿದ್ದೆ. ಗುಡ್ಡ ಊರ ಮೇಲೆಯೇ ಇದೆ. ಅಪ್ಪ ಅಂಗಡಿಯಿಂದ ಹೊರಗೆ ಬಂದು ತಲೆ ಎತ್ತಿದರೆ ಬಣ್ಣಬಣ್ಣದ ಸೀರೆಗಳು ಕಾಣದೇ ಇರುತ್ತಿರಲಿಲ್ಲ. "ಯಾರರೆ ನೋಡಿದ್ರ?" ಎಂದು ನಾನು ಹತ್ತು ಸಲ ಕೇಳಿರಬೇಕು. ಗೆಳತಿ ನನ್ನ ಕೈ ಹಿಡಿದುಕೊಂಡು, "ಒಂದ ಫೋಟೋ ತಗಿಸಿಕೊಂಡು ಇಳದ ಬಿಡೂಣು" ಎಂದಳು. ಅವಳಿಗೂ ಹೆದರಿಕೆ.

ಮೇಲೆ ಕೋಟೆಯ ಬಾಗಿಲ ಪಕ್ಕಕ್ಕೆ ದೊಡ್ಡ ಬಂಡೆಯೊಂದು ಮುಂದಕ್ಕೆ ಚಾಚಿದೆ. ಅದರ ಹೊಟ್ಟೆಗೆ ಕರ್ರಗೆ ಏನೋ ಜೋತುಬಿದ್ದದ್ದು ಕಂಡಿತ್ತು. ಯಾರೂ ಅದರತ್ತ ಗಮನ ಕೊಡಲಿಲ್ಲ. ಚಿಕ್ಕಂದಿನಿಂದ ನೋಡುತ್ತ ಬಂದ ಹೆಜ್ಜೇನು ಅದು, ಅದರ ಪಾಡಿಗೆ ಅದು, ನಮ್ಮ ಪಾಡಿಗೆ ನಾವು. ಹುಡುಗಿಯರು ಮುಂದೆ, ಹುಡುಗರು ಹಿಂದೆ ಸಾಲಾಗಿ ನಿಂತೆವು. ಎಲ್ಲರ ಮೈಮೇಲೂ ಸೆಂಟು, ತಲೆ ತುಂಬ ಮಲ್ಲಿಗೆ.

ಅಷ್ಟರಲ್ಲಿ ಕೆಳಗಿನ ಮೆಟ್ಟಿಲಿನಿಂದ ದನಿ ಕೇಳಿತು. "ಏ, ಇಳೀರಿ ಕೆಳಗ! ಯಾರನ್ನ ಕೇಳಿ ಹತ್ತೀರಿ?"

ಹಿಂದಿ ಟೀಚರು. ಶಾಲೆಯ ಕಿಟಕಿಯಿಂದ ನಮ್ಮನ್ನು ನೋಡಿ, ಆ ಮೊಣಕಾಲು ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಹತ್ತಿ ಬಂದಿದ್ದರು. ಕೊರಳಲ್ಲಿ ಹಾರ ಹಾಗೇ ಇತ್ತು. "ಈ ವಯಸ್ಸಿನ್ಯಾಗ ನನ್ನ ಗುಡ್ಡ ಹತ್ತಸ್ತೀರಲ್ಲ, ನಿಮಗ ಒಳ್ಳೇದಾಗತೈತೇನ?" ಎಂದು ಏದುಸಿರು ಬಿಡುತ್ತ ಬೈದರು. ನಾವು ತಲೆ ತಗ್ಗಿಸಿದೆವು. ನಕಲಿ ಮಾಡುವ ಹುಡುಗ ಮಾತ್ರ ಅವರ ಬೆನ್ನ ಹಿಂದೆ ಹೋಗಿ ಅವರಂತೆಯೇ ಮೊಣಕಾಲು ಹಿಡಿದು ನಿಂತ. ಯಾರೋ ಕಿಸಕ್ಕನೆ ನಕ್ಕರು.

ಆಗ ಸದ್ದು ಶುರುವಾಯಿತು. ಮೊದಲು ಗುಡ್ಡದಾಚೆಯ ಗಾಳಿಯಂತ್ರಗಳದ್ದು ಅಂದುಕೊಂಡೆ. ಆದರೆ ಅದು ದೂರದಿಂದ ಬರುತ್ತಿರಲಿಲ್ಲ, ತಲೆಯ ಮೇಲೆಯೇ ಇತ್ತು. ಬಿಸಿಲು ಒಮ್ಮೆಲೆ ಮಸುಕಾದಂತಾಯಿತು. ತಲೆ ಎತ್ತಿದರೆ ಬಂಡೆಯ ಹೊಟ್ಟೆಯಲ್ಲಿದ್ದ ಕಪ್ಪು ಕರಗಿ ಗಾಳಿಯಲ್ಲಿ ಹರಡುತ್ತಿತ್ತು.

"ಜೇನ ಹುಳ! ಜೇನ ಹುಳ ಎದ್ದಾವ! ಓಡ್ರಲೇ!"

ಅವು ಯಾಕೆ ಎದ್ದವೆಂದು ಇಂದಿಗೂ ಗೊತ್ತಿಲ್ಲ. ಹದ್ದು ಬಡಿದಿತ್ತು ಎಂದರು ಕೆಲವರು, ಸೆಂಟಿನ ವಾಸನೆ ಎಂದರು ಕೆಲವರು. ಎಲ್ಲರೂ ಚೆಲ್ಲಾಪಿಲ್ಲಿಯಾಗಿ ಮೆಟ್ಟಿಲಿಳಿದು ಓಡಿದರು. ಸೀರೆ ಎತ್ತಿ ಹಿಡಿದು ಹುಡುಗಿಯರು, ಅಂಗಿ ತಲೆಗೆಳೆದು ಹುಡುಗರು. ಫೋನಿನವನು ಮೂರು ಮೂರು ಮೆಟ್ಟಿಲು ಹಾರುತ್ತಿದ್ದ. ನನ್ನ ಕಾಲು ಮಾತ್ರ ಏಳಲಿಲ್ಲ. ಓಡಬೇಕೆಂದು ಗೊತ್ತು, ಕಾಲು ನನ್ನವಲ್ಲ ಅನ್ನುವಂತೆ ನಿಂತುಬಿಟ್ಟಿದ್ದವು. ಕಿವಿಯ ಹಿಂದೆ ಕೆಂಡ ಇಟ್ಟಂತಾಯಿತು. ಆಮೇಲೆ ಕುತ್ತಿಗೆ, ಆಮೇಲೆ ರೆಪ್ಪೆ. ಹೆರಳಿನೊಳಗೆ ಹೊಕ್ಕ ಹುಳ ಹೊರಬರಲಾರದೆ ತಲೆಯ ಚರ್ಮಕ್ಕೆ ಹತ್ತಿಕೊಂಡು ಗುಂಯ್‌ಗುಡುತ್ತಿತ್ತು. ನಾನು ಅವ್ವನನ್ನು ಕೂಗಿದೆನೆಂದು ಗೆಳತಿ ಆಮೇಲೆ ಹೇಳಿದಳು. ನನಗೆ ನೆನಪಿಲ್ಲ.

ಗೆಳತಿ ನನ್ನ ಮುಂಗೈ ಹಿಡಿದು ಎಳೆದಳು. ಕೆಳಗೆ ಓಡಲು ಎಳೆಯುತ್ತಾಳೆಂದುಕೊಂಡರೆ ಪಕ್ಕಕ್ಕೆ ಎಳೆದಳು. "ಟೀಚರ್ ಬಿದ್ದಾರ, ಬಾ!"

ಟೀಚರು ಬಾಗಿಲ ಗೋಡೆಯ ಮೂಲೆಯಲ್ಲಿ ಮೊಣಕಾಲೂರಿ ಬಿದ್ದಿದ್ದರು. ಹಾರದ ತುಂಬ ಹುಳ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡು "ಹೋಗ್ರಿ, ನೀವು ಹೋಗ್ರಿ" ಎನ್ನುತ್ತಿದ್ದರು. ಗೆಳತಿ ಹಾರ ಕಿತ್ತು ದೂರ ಎಸೆದಳು. ಆಮೇಲೆ ಒಂದು ಕ್ಷಣ ಸುಮ್ಮನೆ ನಿಂತಳು. ಅವಳ ಮುಖ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಹುಳ ಕಚ್ಚುತ್ತಿದ್ದದ್ದು ಅವಳಿಗೆ ತಿಳಿಯುತ್ತಲೇ ಇಲ್ಲವೇನೋ ಎಂಬಂತಿತ್ತು. ಮರುಕ್ಷಣ ಹೆಗಲಿಗೆ ಕೈಹಾಕಿ ಸೆರಗು ಹರಿಯುವಂತೆ ಪಿನ್ ಕಿತ್ತಳು. ನೆರಿಗೆ ಎಳೆದಳು. ಸರಸರನೆ ಇಡೀ ಸೀರೆ ಬಿಚ್ಚಿ, ಎರಡು ಮಡಿಕೆ ಮಾಡಿ, ಟೀಚರ ಮೇಲೂ ನನ್ನ ಮೇಲೂ ಎಳೆದು, ತಾನೂ ಒಳಗೆ ನುಗ್ಗಿ ಅಂಚನ್ನು ಕಾಲಡಿ ಸಿಕ್ಕಿಸಿಕೊಂಡಳು.

ಒಳಗೆ ಎಲ್ಲ ಕೆಂಪು. ಬಿಸಿಲು ಸೀರೆಯಿಂದ ಸೋಸಿ ಬಂದು ನಮ್ಮ ಮುಖಗಳೂ ಕೆಂಪಾಗಿದ್ದವು. ಹೊರಮೈ ಮೇಲೆ ಹುಳಗಳು ಹರಿದಾಡುವುದು ನೆರಳಿನಂತೆ ಕಾಣುತ್ತಿತ್ತು, ಒಂದರ ಮೇಲೊಂದು. ದಪ್ಪ ಬಟ್ಟೆಗೆ ಬಡಿದು ಬೀಳುವ ಸದ್ದು, ಒಣ ಕಾಳು ಸುರಿದಂತೆ. ನಮ್ಮ ಜೊತೆ ಒಳಗೆ ಸಿಕ್ಕ ನಾಲ್ಕಾರು ಹುಳಗಳನ್ನು ಗೆಳತಿ ಬರಿಗೈಯಲ್ಲೇ ಹಿಸುಕಿದಳು.

"ಅಲುಗಾಡಬ್ಯಾಡ್ರಿ. ಬಾಯಿ ಬಿಡಬ್ಯಾಡ್ರಿ" ಎಂದರು ಟೀಚರು. ಅವರ ತುಟಿ ಆಗಲೇ ಊದಿ ಮಾತು ತೊದಲುತ್ತಿತ್ತು.

ನನಗೆ ಆಗ ಬಂದ ಯೋಚನೆ ವಿಚಿತ್ರವಾದದ್ದು. ನಾಳೆ ಹಾಲ್ ಟಿಕೆಟ್ ಕೊಡುತ್ತಾರೆ, ನಾನು ಸತ್ತುಹೋದರೆ ನನ್ನದನ್ನು ಏನು ಮಾಡುತ್ತಾರೆ? ಅಪ್ಪನ ಕೈಗೆ ಕೊಡುತ್ತಾರೋ, ಹರಿದು ಹಾಕುತ್ತಾರೋ? ಅದನ್ನೇ ಮತ್ತೆ ಮತ್ತೆ ಯೋಚಿಸಿದೆ.

ಆಗ ಹೊರಗಿನಿಂದ ಯಾರೋ ಸೀರೆಯನ್ನು ಪರಚಿದರು. ನಾನು ಚೀರಿದೆ. ಗೆಳತಿ ಅಂಚನ್ನು ಸ್ವಲ್ಪ ಎತ್ತಿದಳು. ನಕಲಿ ಮಾಡುವ ಹುಡುಗ ಅಂಬೆಗಾಲಿಟ್ಟು ಒಳಗೆ ತೂರಿದ. ಓಡುವಾಗ ಎಡವಿ ಬಿದ್ದಿದ್ದನಂತೆ. ಅವನನ್ನು ಗುರುತಿಸಲು ನನಗೆ ತುಸು ಹೊತ್ತು ಬೇಕಾಯಿತು. ಕಣ್ಣು ಎರಡು ಗೆರೆಗಳಾಗಿದ್ದವು. ಕಿವಿ, ಕೆನ್ನೆ ಎಲ್ಲ ಒಂದಾಗಿ ಊದಿದ್ದವು. ಅವನು ನಮ್ಮನ್ನು ನೋಡದಂತೆ ಗೋಡೆಯತ್ತ ಮುಖ ಮಾಡಿ ಮುದುಡಿ ಕುಳಿತ.

"ಟೀಚರ್, ಉಸರು ಹಿಡದಂಗ ಆಗೇತ್ರಿ" ಎಂದ. ಆ ದನಿ ಅವನದಲ್ಲ. ಎಲ್ಲೋ ಕೊಳವೆಯೊಳಗಿಂದ ಬಂದಂತಿತ್ತು.

ಟೀಚರು ಅವನನ್ನು ಎಳೆದು ತಮ್ಮ ಮಡಿಲಿಗೆ ಹಾಕಿಕೊಂಡು ಎದೆ ನೀವತೊಡಗಿದರು. ಅವನು ಉಸಿರೆಳೆದಾಗಲೆಲ್ಲ ಸೀಟಿ ಊದಿದಂತೆ ಸದ್ದು. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ನಾವು ಮೂವರೂ ಉಸಿರು ಬಿಗಿಹಿಡಿದು ಕಾಯುತ್ತಿದ್ದೆವು. ಮುಂದಿನದು ಬರುತ್ತದೋ ಇಲ್ಲವೋ ಎಂದು. ಹೊರಗಿನ ಹುಳಗಳಿಗಿಂತ ಆ ಸೀಟಿಗೇ ನಾನು ಹೆಚ್ಚು ಹೆದರಿದೆ.

"ಮಾತಾಡೋ, ನಿದ್ದಿ ಮಾಡಬ್ಯಾಡ" ಎಂದರು ಟೀಚರು. "ಏನರೆ ಮಾತಾಡು. ನನ್ನ ನಕಲಿ ಮಾಡೋ. ನಾ ಏನೂ ಅನ್ನಂಗಿಲ್ಲ, ಮಾಡೋ ನನ್ನಪ್ಪಾ."

ಅವನು ಬಾಯಿ ತೆರೆದ. "ಬೈಠ್..." ಎನ್ನಲು ಹೋದನೆಂದು ತುಟಿಯಿಂದ ಗೊತ್ತಾಯಿತು. ದನಿ ಬರಲಿಲ್ಲ. ಟೀಚರು ಅಳತೊಡಗಿದರು. ದೊಡ್ಡವರೊಬ್ಬರು, ಅದೂ ಆ ಟೀಚರು, ಹಾಗೆ ಬಿಕ್ಕಿ ಬಿಕ್ಕಿ ಅಳುವುದನ್ನು ಕಂಡಾಗ ಇನ್ನು ಮುಗಿಯಿತು ಎನಿಸಿತು ನನಗೆ. ಗೆಳತಿ ಮಾತ್ರ ಒಂದೇ ಸಮನೆ ಅಂಚನ್ನು ಹಿಡಿದುಕೊಂಡಿದ್ದಳು. ಅವಳ ಬೆನ್ನಿನ ಅರ್ಧ ಭಾಗ ಸೀರೆಯ ಹೊರಗೇ ಉಳಿದಿತ್ತೆಂಬುದು ನನಗೆ ತಿಳಿದದ್ದು ಆಮೇಲೆ.

ಎಷ್ಟು ಹೊತ್ತಾಯಿತೋ. ಮೊದಲು ಹೊಗೆಯ ವಾಸನೆ ಬಂತು, ಆಮೇಲೆ ಗಂಡಸರ ದನಿ. "ಯಾರದೀರಿ ಒಳಗ? ಏಳಬ್ಯಾಡ್ರಿ, ಇನ್ನೊಂದೀಟ ಹೊಗಿ ಆಗ್ಲಿ."

ಗುಡ್ಡದ ಮೇಲೆ ಕುರಿ ಮೇಯಿಸುತ್ತಿದ್ದ ಒಬ್ಬ ಹಿರಿಯ, ಜೊತೆಗೆ ಕೆಳಗಿನಿಂದ ಓಡಿ ಬಂದ ನಾಲ್ಕಾರು ಜನ, ತೋಯಿಸಿದ ಗೋಣಿಚೀಲಕ್ಕೆ ಬೆಂಕಿ ಹಚ್ಚಿ ಹೊಗೆ ಎಬ್ಬಿಸಿದ್ದರು. ಸದ್ದು ನಿಧಾನಕ್ಕೆ ದೂರವಾಯಿತು. ಟೀಚರು ಸೀರೆಯೊಳಗಿನಿಂದಲೇ ಕೂಗಿದರು. "ಹುಡುಗಗ ಉಸರ ಹತ್ತವಲ್ದು, ಲಗೂನ ದವಾಖಾನಿಗೆ ಒಯ್ರಿ!"

ಅವನನ್ನು ಎತ್ತಿಕೊಂಡು ಅಷ್ಟು ಕಡಿದಾದ ಮೆಟ್ಟಿಲಿಳಿಯುವುದು ಒಬ್ಬರಿಂದ ಆಗುವ ಕೆಲಸವಾಗಿರಲಿಲ್ಲ. ಜೋಳಿಗೆ ಮಾಡಲು ಗಟ್ಟಿ ಬಟ್ಟೆ ಬೇಕಿತ್ತು. ಎಲ್ಲರ ಕಣ್ಣೂ ಆ ಸೀರೆಯ ಮೇಲೆ ಬಿತ್ತು. ಗೆಳತಿ ಎರಡೂ ಕೈಯಿಂದ ಅದನ್ನು ಎದೆಗೆ ಅವಚಿಕೊಂಡಿದ್ದಳು. ಅದರ ಕೆಳಗೆ ಅವಳ ಮೈಮೇಲಿದ್ದದ್ದು ಲಂಗ, ಕುಪ್ಪಸ ಅಷ್ಟೆ. ಜೇನುಹುಳಕ್ಕೆ ಹೆದರದವಳು ಈಗ ಗೋಡೆಯ ಮೂಲೆಗೆ ಸರಿದು ನಿಂತಳು. ಟೀಚರು ಶಾಲಿಗಾಗಿ ತಡಕಾಡಿದರು. ಅದು ಎಲ್ಲೋ ಬಿದ್ದುಹೋಗಿತ್ತು. ಆಗ ಆ ಕುರಿ ಮೇಯಿಸುವ ಹಿರಿಯ ಮುಖ ಬೇರೆ ಕಡೆ ತಿರುಗಿಸಿ, ಹೆಗಲ ಕಂಬಳಿ ತೆಗೆದು ಹಿಂದಕ್ಕೆ ಚಾಚಿದ.

"ತಗೋವಾ ತಂಗಿ, ಹೊದ್ಕೊ."

ಕಂಬಳಿ ಹೊದ್ದು ಅವಳು ಸೀರೆ ಕೊಟ್ಟಳು. ಅದರಲ್ಲೇ ಹುಡುಗನನ್ನು ಮಲಗಿಸಿಕೊಂಡು ಓಡಿದರು. ಹಿಂದೆ ನಾವು ಮೂವರು. ಗುಡ್ಡದ ಬುಡದಲ್ಲಿ ಊರೇ ಸೇರಿತ್ತು. ಕೆಲವರು ಫೋನು ಎತ್ತಿ ಹಿಡಿದಿದ್ದರು. ಹಗಲಿನ ಬಿಸಿಲಲ್ಲಿ ಕರಿ ಕಂಬಳಿ ಹೊದ್ದು, ಕೆಳಗೆ ಲಂಗದ ಅಂಚು ಕಾಣುತ್ತ ಬರುತ್ತಿದ್ದ ಹುಡುಗಿಗೆ ಜನ ದಾರಿ ಬಿಟ್ಟರು. ದಾರಿ ಬಿಡುವಾಗ ಯಾರೋ ಅಂದದ್ದು ಕಿವಿಗೆ ಬಿತ್ತು. "ಈಕೀನ ಅಂತ, ಹುಡುಗೂರ ಮುಂದ ಸೀರಿ ಬಿಚ್ಚಿದಾಕಿ."

ಅವಳಿಗೂ ಕೇಳಿಸಿತ್ತು. ನನ್ನ ಕೈಯನ್ನು ಮೂಳೆ ನೋಯುವಷ್ಟು ಬಿಗಿಯಾಗಿ ಹಿಡಿದಳು.

ದವಾಖಾನೆಯಲ್ಲಿ ಉಳಿದ ಹುಡುಗ ಹುಡುಗಿಯರೂ ಇದ್ದರು. ಯಾರ ಮುಖವೂ ಅವರವರದಾಗಿ ಉಳಿದಿರಲಿಲ್ಲ. ನಕಲಿ ಮಾಡುವ ಹುಡುಗನಿಗೆ ಇಂಜೆಕ್ಷನ್ ಕೊಟ್ಟು ಮೂಗಿಗೆ ನಳಿಕೆ ಇಟ್ಟಿದ್ದರು. ಹೊರಗೆ ಬಂದ ಡಾಕ್ಟರು, "ಗಂಟಲಾ ಭಾಳ ಬಾತೈತಿ. ಗದಗಕ್ಕ ಒಯ್ಯೋದ ಚಲೋ. ಇವರ ಮನಿಯವರು ಯಾರದೀರಿ?" ಎಂದು ಕೇಳಿದರು. ಅವನ ಅಜ್ಜಿಗೆ ಇನ್ನೂ ಸುದ್ದಿಯೇ ಮುಟ್ಟಿರಲಿಲ್ಲ, ಅಪ್ಪ ಅವ್ವ ಮಂಗಳೂರಿನಲ್ಲಿ ಯಾವ ಕಟ್ಟಡದ ಯಾವ ಮಹಡಿಯ ಮೇಲಿದ್ದರೋ.

"ನಾ ಅದೀನ್ರಿ" ಎಂದರು ಹಿಂದಿ ಟೀಚರು. ಅವರ ಒಂದು ಕಣ್ಣು ಪೂರ್ತಿ ಮುಚ್ಚಿತ್ತು, ನರ್ಸು ಅವರ ತೋಳಿಗೆ ಆಗಷ್ಟೇ ಸೂಜಿ ಚುಚ್ಚಿದ್ದಳು. "ನಡೀರಿ, ಗಾಡಿ ತರಸ್ರಿ." ಆಂಬುಲೆನ್ಸಿನಲ್ಲಿ ಅವನ ತಲೆಯ ಹತ್ತಿರ ಕುಳಿತು ಹೋದರು. ಬಾಗಿಲು ಹಾಕುವವರೆಗೂ ನಾನು ಅವನ ಎದೆಯನ್ನೇ ನೋಡಿದೆ. ಏರಿಳಿಯುತ್ತಿತ್ತು.

ಗೆಳತಿ ಮನೆಗೆ ಹೋಗಲು ಒಲ್ಲೆ ಎಂದಳು. "ನೀ ಬಾ, ನಾ ಒಬ್ಬಾಕಿ ಹೋಗಂಗಿಲ್ಲ." ಹಾಗೆಂದು ನಾನೂ ಹೋದೆ. ಸುದ್ದಿ ಕೇಳಿ ದವಾಖಾನೆಗೆ ಬಂದಿದ್ದ ನಮ್ಮ ಅಪ್ಪ ನಮ್ಮನ್ನು ಅವಳ ಮನೆಯ ತನಕ ಬಿಟ್ಟು, ಹೊರಗಿನ ಕಟ್ಟೆಯ ಮೇಲೆ ಕುಳಿತರು. ಸುದ್ದಿ ನಮಗಿಂತ ಮೊದಲೇ ಬಂದಿತ್ತು. ಯಾವತ್ತೂ ಲಟಪಟ ಸದ್ದು ಮಾಡುವ ಓಣಿಯ ಮಗ್ಗಗಳೆಲ್ಲ ನಿಂತಿದ್ದವು. ಅವಳ ಅವ್ವ ಮಗ್ಗದ ಕುಣಿಯಿಂದ ಎದ್ದು ಬಂದವಳೇ ಮಗಳ ಕೆನ್ನೆಗೆ ಬಾರಿಸಿದಳು. ಊದಿದ ಕೆನ್ನೆಗೆ. ಗೆಳತಿ ಅಲುಗಾಡಲಿಲ್ಲ. ಎರಡನೆಯ ಸಲ ಎತ್ತಿದ ಕೈ ಅಲ್ಲೇ ನಿಂತಿತು. ದವಾಖಾನೆಯಲ್ಲೂ ಅವಳು ತೆಗೆಯಲು ಒಲ್ಲೆ ಎಂದಿದ್ದ ಕಂಬಳಿ ಜಾರಿತ್ತು. ಬೆನ್ನಿನ ತುಂಬ ಮುಳ್ಳುಗಳು, ಕಪ್ಪಗೆ, ಎಳ್ಳು ಚೆಲ್ಲಿದಂತೆ.

"ಯವ್ವಾ... ಏನ್ ಮಾಡಕೊಂಡ ಬಂದಿ ನನ್ನವ್ವಾ" ಎಂದು ಮಗಳನ್ನು ಮಡಿಲಿಗೆ ಕೆಡವಿಕೊಂಡು ಕುಳಿತಳು. ಸೂಜಿಯ ಮೊನೆಯಿಂದ ಒಂದೊಂದೇ ಮುಳ್ಳು ತೆಗೆದು ಸುಣ್ಣ ಹಚ್ಚಿದಳು. ನನಗೂ ಹಚ್ಚಿದಳು. ಹಚ್ಚುವ ಕೈ ಮೆತ್ತಗಿತ್ತು. ಮುಳ್ಳೆಲ್ಲ ತೆಗೆದ ಮೇಲೆ ಒಂದೇ ಒಂದು ಪ್ರಶ್ನೆ ಕೇಳಿದಳು.

"ಎಷ್ಟ ಮಂದಿ ನೋಡಿದ್ರು?"

ಗುಡ್ಡದ ಮೇಲೆ ಆದದ್ದಕ್ಕಿಂತ ದೊಡ್ಡ ಹೆದರಿಕೆಯೊಂದು ಆ ಪ್ರಶ್ನೆಯ ಜೊತೆ ಮನೆಯೊಳಗೆ ಬಂದು ಕುಳಿತಂತಾಯಿತು.

ಹುಡುಗ ಉಳಿದ. ಮೂರನೆಯ ದಿನ ಗದಗದಿಂದ ಸುದ್ದಿ ಬಂತು, ನಾನು ದೇವರ ಮುಂದೆ ಹೋಗಿ ಅತ್ತೆ. ಆದರೆ ಅದೇ ವಾರ ಇನ್ನೊಂದು ಸುದ್ದಿಯೂ ಓಣಿಯಿಂದ ಓಣಿಗೆ ಹಾಯಿತು. ದಲ್ಲಾಳಿ ಅಂಗಡಿಯವರ ಮಗ ಗುಡ್ಡದ ಮೇಲೆ ವಿಡಿಯೋ ತೆಗೆದಿದ್ದಾನೆ, ಅದರಲ್ಲಿ ಎಲ್ಲ ಇದೆ. ನೋಡಿದೆ ಎಂದವರು ಯಾರೂ ಇರಲಿಲ್ಲ. ನೋಡಿದವರನ್ನು ನೋಡಿದ್ದೇವೆ ಎನ್ನುವವರು ಮಾತ್ರ ಎಲ್ಲ ಕಡೆ ಇದ್ದರು. ಮೊಬೈಲ್ ಅಂಗಡಿಯಲ್ಲಿ ಕೇಳಿದರೆ ಮೆಮೊರಿ ಕಾರ್ಡಿಗೆ ಹಾಕಿ ಕೊಡುತ್ತಾರಂತೆ ಎಂದೂ ಅಂದರು.

ಪರೀಕ್ಷೆಗೆ ಅವಳ ಅವ್ವನೇ ಜೊತೆಗೆ ಬರುತ್ತಿದ್ದಳು. ಬಿಸಿಲಲ್ಲಿ ಗೇಟಿನ ಹೊರಗೆ ಪರೀಕ್ಷೆ ಮುಗಿಯುವವರೆಗೆ ನಿಂತು ಕರೆದುಕೊಂಡು ಹೋಗುತ್ತಿದ್ದಳು. ಗೆಳತಿ ತಲೆ ತುಂಬ ದುಪಟ್ಟಾ ಹೊದ್ದು, ನೆಲ ನೋಡುತ್ತ ಬಂದು ಬರೆದು ಹೋಗುತ್ತಿದ್ದಳು. ಗಣಿತದ ದಿನ ಕಾರಿಡಾರಿನಲ್ಲಿ ಹುಡುಗರ ಗುಂಪೊಂದು ಒಂದು ಫೋನಿನ ಮೇಲೆ ಬಾಗಿ ನಗುತ್ತಿತ್ತು. ಅದನ್ನು ಕಂಡವಳೇ ಗೋಡೆ ಹಿಡಿದು ಕುಸಿದಳು. ಅವರು ಕ್ರಿಕೆಟ್ ನೋಡುತ್ತಿದ್ದರು. ನಾನು ಹೋಗಿ ನೋಡಿ ಬಂದು ಹೇಳಿದೆ. ಅವಳು ನಂಬಿದಳೋ ಇಲ್ಲವೋ.

ಅಷ್ಟೊತ್ತಿಗೆ ಅವಳ ಮನೆಯಲ್ಲಿ ಸಾಲಿ ಸಾಕು, ವರ ನೋಡೋಣ ಎಂಬ ಮಾತು ಎದ್ದಿತ್ತು. ಹಿಂದಿ ಟೀಚರು ನನ್ನನ್ನೂ ಕರೆದುಕೊಂಡು ಗೆಳತಿಯ ಮನೆಗೆ ಹೋದರು. ಮಗ್ಗದ ಪಕ್ಕ ನೆಲಕ್ಕೆ ಕುಳಿತುಕೊಳ್ಳಲಾಗದೆ ಹೊಸ್ತಿಲ ಮೇಲೆಯೇ ಕುಳಿತರು.

"ನಿಮ್ಮ ಮಗಳು ಇರದಿದ್ರ ಇವತ್ತ ನಾನೂ ಇಲ್ಲ, ಆ ಹುಡುಗನೂ ಇಲ್ಲ. ಕಾಲೇಜ ಬಿಡಿಸಬ್ಯಾಡ್ರಿ, ಕೈ ಮುಗೀತೀನಿ."

"ನೀವು ಹೇಳೂದು ಖರೇ ಐತ್ರಿ ಟೀಚರ" ಎಂದಳು ಅವಳ ಅವ್ವ. "ನೀವು ಇವತ್ತ ಬಂದೀರಿ, ಹೇಳಿದ್ರಿ, ಹೊಕ್ಕೀರಿ. ದಿನಾ ಈ ರಸ್ತೇದಾಗ ಹಾಯಾಕಿ ಅಕಿ. ಒಂದೊಂದ ಕಣ್ಣಿಗೂ ಅಕಿ ಹ್ಯಾಂಗ ಉತ್ತರ ಕೊಡಬೇಕ್ರಿ?"

ಟೀಚರು ಎದ್ದು ಹೋಗಲಿಲ್ಲ. ಚಹಾ ಕುಡಿದರು, ಮತ್ತೆ ಕೇಳಿದರು, ಅವ್ವ ಅತ್ತಾಗ ತಾವೂ ಅತ್ತರು. ಕೊನೆಗೆ ನರಗುಂದದ ಚಿಕ್ಕವ್ವನ ಮನೆಯಲ್ಲಿಟ್ಟು ಓದಿಸುವುದೆಂದಾಯಿತು. ಆ ಊರಲ್ಲಿ ಅವಳ ಮುಖ ಯಾರಿಗೂ ಗೊತ್ತಿಲ್ಲ ಎಂಬುದೊಂದೇ ಅದಕ್ಕೆ ಕಾರಣ.

ಅವಳು ನರಗುಂದದಲ್ಲಿ ಪಿಯುಸಿ, ಡಿಗ್ರಿ ಮುಗಿಸಿದಳು. ಮದುವೆಯಾಯಿತು. ಬಸ್ ಕಂಡಕ್ಟರಾಗಿ ರೋಣ ಡಿಪೊಗೆ ಬಂದಳು. ಉತ್ತರ ಹೇಳಲು ಎದ್ದರೆ ದನಿ ಕೇಳದ ಹುಡುಗಿ ಈಗ ತುಂಬಿದ ಬಸ್ಸಿನ ಹಿಂದಿನ ಸೀಟಿಗೂ ಕೇಳುವಂತೆ "ಒಳಗ ಸರೀರಿ, ಒಳಗ ಸರೀರಿ" ಎಂದು ಕೂಗುತ್ತಾಳೆ. ನಾನು ಜಕ್ಕಲಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಒಮ್ಮೊಮ್ಮೆ ನನಗೆ ಸಿಗುವ ಬಸ್ಸು ಅವಳದೇ. ಎಲ್ಲ ಸರಿಹೋಯಿತೆಂದು ನಾನು ತಿಳಿದಿದ್ದೆ.

ಒಂದು ಸಂಜೆ ಬಸ್ಸು ಖಾಲಿಯಿದ್ದಾಗ ನನ್ನ ಪಕ್ಕ ಬಂದು ಕುಳಿತು ಹೇಳಿದಳು. "ಯಾರರೆ ಫೋನ್ ನೋಡಕೋಂತ ನಕ್ಕು ನನ್ನ ಕಡೆ ನೋಡಿದ್ರ ಇವತ್ತಿಗೂ ಕೈಕಾಲು ತಣ್ಣಗಾಗತಾವ. ಟಿಕೆಟ್ ಹರ್ಯಾಕ ಆಗಂಗಿಲ್ಲ. ನಮ್ಮ ಮನಿಯವರ ಫೋನಿಗೆ ಯಾವಾಗ ಬರತೈತೋ, ಮಗಳ ಫೋನಿಗೆ ಯಾವಾಗ ಬರತೈತೋ ಅಂತ." ಗಂಡನಿಗೆ ಅವಳು ಜೇನಿನ ಕತೆಯನ್ನೂ ಹೇಳಿರಲಿಲ್ಲ. ಹೇಳಿದರೆ ವಿಡಿಯೋದ ಮಾತೂ ಹೇಳಬೇಕಾಗುತ್ತದೆಂದು.

ಕಳೆದ ವರ್ಷ ನಮ್ಮ ತರಗತಿಯವರು ಗುರುವಂದನೆ ಮಾಡುವುದೆಂದು ವಾಟ್ಸಾಪ್ ಗುಂಪು ಮಾಡಿದರು. ಅವಳು ಸೇರಲಿಲ್ಲ. ದಲ್ಲಾಳಿ ಅಂಗಡಿಯನ್ನು ಈಗ ಆ ಹುಡುಗನೇ ನೋಡಿಕೊಳ್ಳುತ್ತಾನೆ, ಗುಂಪಿನಲ್ಲಿ ಅವನದೇ ಮುಂದಾಳತ್ವ. ಹಳೆಯ ಫೋಟೊಗಳಿದ್ದರೆ ಹಾಕಿ ಎಂದು ಅವನು ಬರೆದ. ಎರಡು ದಿನ ನನಗೆ ನಿದ್ದೆ ಬರಲಿಲ್ಲ. ಮೂರನೆಯ ದಿನ ಅವನಿಗೆ ಫೋನು ಮಾಡಿದೆ.

"ಅವತ್ತ ಗುಡ್ಡದ ಮ್ಯಾಲಿನ ವಿಡಿಯೋ ನಿನ್ನ ಕಡೆ ಐತೇನು?"

"ಯಾವ ವಿಡಿಯೋ?" ಎಂದ.

ಹೇಳಿದೆ.

"ಯವ್ವಾ, ನಾ ಫೋಟೋನ ತಗದಿದ್ದಿಲ್ಲ. ಟೀಚರ್ ಬಂದ್ರಲ್ಲ. ಹುಳ ಎದ್ದ ಕೂಡ್ಲೇ ಆ ಫೋನ್ ಅಲ್ಲೇ ಒಗದು ಓಡಿದೆ. ಮರುದಿನ ಅಣ್ಣ ಹೋಗಿ ನೋಡಿದ್ರ ಕಲ್ಲಿನ ಸಂದ್ಯಾಗ ಒಡದು ಬಿದ್ದಿತ್ತು. ನನಗ ಬೆಲ್ಟಿಲೆ ಹೊಡದಾನ, ನಮ್ಮ ಓಣ್ಯಾಗ ಯಾರನ್ನರೆ ಕೇಳು." ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದ. "ಅಕಿ ಇಷ್ಟ ದಿನ ಹಂಗ ತಿಳಕೊಂಡಾಳೇನು?"

ಮರುದಿನ ಅವಳ ಬಸ್ಸಿಗಾಗಿ ಕಾದು ಹತ್ತಿದೆ. ಗದ್ದಲದ ನಡುವೆಯೇ ಕಿವಿಯಲ್ಲಿ ಹೇಳಿಬಿಟ್ಟೆ. ಇಂಥ ಮಾತಿಗೆ ಖಾಲಿ ಬಸ್ಸು ಕಾಯುವಷ್ಟು ತಾಳ್ಮೆ ನನಗಿರಲಿಲ್ಲ. ಅವಳು ನನ್ನ ಮುಖ ನೋಡಿದಳು. ಟಿಕೆಟ್ ಮಷೀನು ಹಿಡಿದ ಕೈ ಹಾಗೇ ನಿಂತಿತು. "ನರೇಗಲ್ ಒಂದ ಕೊಡವಾ" ಎಂದು ಮುದುಕಿಯೊಬ್ಬಳು ಎರಡು ಸಲ ಕೇಳಿದಳು. ಕೊಟ್ಟಳು. ಕೊನೆಯವರೆಗೂ ಎಲ್ಲರಿಗೂ ಟಿಕೆಟ್ ಕೊಟ್ಟು ಮುಗಿಸಿ, ನನ್ನ ಹತ್ತಿರ ಬಂದು ನಿಂತು, "ಮೊದಲ ಯಾಕ ಕೇಳಲಿಲ್ಲ ನಾವು?" ಎಂದಳು. ಸಿಟ್ಟಿನಿಂದಲೇ ಕೇಳಿದಳು.

"ವಿಡಿಯೋ ಖರೇನ ಇದ್ರ ಅಂತ ಹೆದರಿಕಿ ಇತ್ತಲ್ಲ" ಎಂದೆ.

ಅವಳು ಕಿಟಕಿಯ ಕಡೆ ಮುಖ ಮಾಡಿ ನಾನು ಇಳಿಯುವ ಸ್ಟಾಪು ಬರುವವರೆಗೂ ಅತ್ತಳು.

ಗುರುವಂದನೆಗೆ ಅವಳು ಬಂದಳು, ಗಂಡ ಮಗಳಿಗೆ ಎಲ್ಲ ಹೇಳಿಯೇ ಬಂದಿದ್ದಳು. ರಜೆ ಸಿಕ್ಕಿರಲಿಲ್ಲ. ಎರಡು ಟ್ರಿಪ್ಪುಗಳ ನಡುವೆ, ಖಾಕಿ ಬಟ್ಟೆಯಲ್ಲೇ, ಬಸ್‌ಸ್ಟ್ಯಾಂಡಿನಿಂದ ನಡೆದು ಬಂದಳು. ಹಿಂದಿ ಟೀಚರಿಗೆ ಈಗ ಕಣ್ಣು ಮಂಜು. ಮುಖ ಸವರಿ ನೋಡಿ ಗುರುತು ಹಿಡಿದು, ಕೈ ಬಿಡಲೇ ಇಲ್ಲ. ನಕಲಿ ಮಾಡುವ ಹುಡುಗನೂ ಮಂಗಳೂರಿನಿಂದ ಬಂದಿದ್ದ, ಈಗ ಅಲ್ಲಿ ಮೇಸ್ತ್ರಿ. ಎಲ್ಲರೆದುರು ಎದ್ದು ಬಂದು ಅವಳ ಮುಂದೆ ಕೈ ಮುಗಿದು ನಿಂತ. "ಊಟಾ ಮಾಡಿದ್ಯೇನು?" ಎಂದು ಅವಳೇ ಕೇಳಿದಳು.

ತಾನು ಊಟಕ್ಕೆ ಕೂರಲಿಲ್ಲ. ನಿಂತಲ್ಲೇ ಒಂದು ಹೋಳಿಗೆ ತಿಂದಳು. ಗೇಟಿನ ತನಕ ಕಳಿಸಲು ಹೋದ ನಾನು, "ಈಗರೆ ಹೆದರಿಕಿ ಹೋತೇನ?" ಎಂದು ಕೇಳಿದೆ.

"ವಿಡಿಯೋ ಇಲ್ಲ ಅಂತ ತಲಿಗೆ ಗೊತ್ತಾಗೈತಿ. ಮೈಗೆ ಇನ್ನೂ ಗೊತ್ತಾಗವಲ್ದು" ಎಂದಳು.

ಬಸ್‌ಸ್ಟ್ಯಾಂಡಿನ ಕಡೆಯಿಂದ ಅವಳ ಡ್ರೈವರು ಒಂದೇ ಸಮನೆ ಹಾರ್ನ್ ಬಾರಿಸುತ್ತಿದ್ದ. "ಬಂದೆ, ಬಂದೆ" ಎಂದು ಅಷ್ಟು ದೂರಕ್ಕೂ ಕೇಳುವಂತೆ ಕೂಗಿ, ಚೀಲ ಹೆಗಲಿಗೇರಿಸಿಕೊಂಡು ರಸ್ತೆ ದಾಟಿ ಓಡಿದಳು.